ಹೋಲ್ಡಾನ್ ಅಂದರೆ ನಿಲ್ಲು

ಜೂನ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಮಲೇಷ್ಯಾದ ನಿಲಾಯ್‌ನ ಒಂದು ಖಾಸಗಿ ವಿಶ್ವವಿದ್ಯಾಲಯದ ಹಿಂಭಾಗದ ಕಾಂಕ್ರೀಟ್ ಇಳಿಜಾರು. ಹಾಜರಿದ್ದವರು: ಅಲ್ಲಿ ವಾಹನ ತಂತ್ರಜ್ಞಾನ ಕಲಿಸುವ ನನ್ನ ಸೊಸೆ, ಕ್ಲಾಂಗ್‌ನಿಂದ ಬಂದ ತಮಿಳು ಬಸ್ ಚಾಲಕರು, ಟ್ರೈಲರ್ ಲಾರಿ ತಂದಿದ್ದ ಮಲಯ್ ಗೃಹಸ್ಥರು ಮತ್ತು ನಾನು.

ಕೆಲಸ ಇಷ್ಟೇ. ಒಂದು ಹಳೆಯ ಇಟಾಲಿಯನ್ ಬಸ್ಸನ್ನು ಆ ಇಳಿಜಾರಿನಲ್ಲಿ ರಿವರ್ಸ್‌ನಲ್ಲಿ ಇಳಿಸಿ ಕೆಳಗಿನ ಹಾಲಿನೊಳಗೆ, ಸೊಸೆ ಏರ್ಪಡಿಸಿದ್ದ ಪ್ರದರ್ಶನಕ್ಕೆ, ನಿಲ್ಲಿಸಬೇಕು. ಬರುವವರಿಗೆ ಮೊದಲು ಬಸ್ಸಿನ ಮುಖ ಕಾಣಬೇಕು, ಆದ್ದರಿಂದ ಹಿಂಭಾಗ ಮೊದಲು ಒಳಗೆ ಹೋಗಬೇಕು. ಸಂಬಳವಿಲ್ಲದ ಕೆಲಸ, ಆದರೆ ಕೆಲಸವೇ. ಊರಿನಲ್ಲಿ ಸಾರಿಗೆ ಸಂಸ್ಥೆಯ ವರ್ಕ್‌ಶಾಪಿನಲ್ಲಿ ಸೈರನ್ ಕೂಗಿದಾಗ ಎದ್ದು, ಸೈರನ್ ಕೂಗಿದಾಗ ಊಟಕ್ಕೆ ಕೂತು ಬದುಕಿದವಳು ನಾನು. ಇಲ್ಲಿ ಮಗನ ಮನೆಯಲ್ಲಿ ಸುಮ್ಮನೆ ಕೂತಿರಲು ಬರುವುದಿಲ್ಲ ಎಂದು ಸೊಸೆಗೆ ಗೊತ್ತಿತ್ತು. ಬಸ್ಸು ಸಿಕ್ಕಿದೊಡನೆ ಮೊದಲು ಬಂದು ಹೇಳಿದ್ದು ನನಗೆ.

ಹಿಂದಿನ ದಿನದಿಂದಲೇ ನನಗೆ ಹೆದರಿಕೆ ಹಿಡಿದಿತ್ತು. ಅದರ ಕಾರಣ ಬ್ರೇಕು. ಈಗಿನ ಬಸ್ಸುಗಳಲ್ಲಿ ಗಾಳಿಯ ಒತ್ತಡ ಹೋದರೆ ಸ್ಪ್ರಿಂಗ್ ಬಿಚ್ಚಿಕೊಂಡು ಬ್ರೇಕ್ ತಾನಾಗಿ ಬಿಗಿಯುತ್ತದೆ. ಈ ಬಸ್ಸಿನಲ್ಲಿ ಹಾಗಿಲ್ಲ. ಗಾಳಿ ಇದ್ದರೆ ಬ್ರೇಕು, ಗಾಳಿ ಹೋದರೆ ಬ್ರೇಕೂ ಹೋಯಿತು. ಕ್ಲಾಂಗ್ ಬಂದರಿನ ಬಳಿಯ ಗೋಡೌನಿನಲ್ಲಿ ಸೊಸೆಯೂ ನಾನೂ ಅದರ ನಾಲ್ಕೂ ಚಕ್ರಗಳ ಬ್ರೇಕ್ ಚೇಂಬರ್ ಬಿಚ್ಚಿದ್ದೆವು. ಒಳಗಿನ ರಬ್ಬರು ಹಪ್ಪಳದ ಹಾಗೆ ಮುರಿಯಿತು. ಅದರ ಬಿಡಿಭಾಗ ಪ್ರಪಂಚದಲ್ಲೇ ಸಿಗುವುದಿಲ್ಲ, ಬೇರೆ ಲಾರಿಯ ರಬ್ಬರನ್ನು ಅಂಚು ಕತ್ತರಿಸಿ ಕೂರಿಸಿದೆವು. ಗಾಳಿ ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿ ತುಕ್ಕುನೀರು ಹರಿಸಿದೆವು. ಕೊಳವೆಗಳ ಪ್ರತಿ ಗಂಟಿಗೂ ಸೋಪಿನ ನೀರು ಬಳಿದು ಗುಳ್ಳೆ ಹುಡುಕಿದೆವು. ಆದರೂ ಎಲ್ಲೋ ಒಂದು ಕಡೆ ಸೋರುತ್ತಿತ್ತು. ಎಂಜಿನ್ ಓಡುವಷ್ಟು ಹೊತ್ತು ಪರವಾಗಿಲ್ಲ, ಕಂಪ್ರೆಸರ್ ತುಂಬುತ್ತಲೇ ಇರುತ್ತದೆ. ಎಂಜಿನ್ ನಿಂತರೆ ಮೀಟರಿನ ಮುಳ್ಳು ಮೆಲ್ಲಗೆ ಕೆಳಗಿಳಿಯುತ್ತದೆ. ಕೈಬ್ರೇಕಿನ ಲೈನಿಂಗು ಎಣ್ಣೆ ಕುಡಿದು ಅರ್ಧಂಬರ್ಧ ಹಿಡಿಯುತ್ತಿತ್ತು.

"ಲಾರಿಯ ವಿಂಚಿನ ಹಗ್ಗಕ್ಕೆ ಕಟ್ಟಿ ಇಳಿಸೋಣ" ಎಂದು ನಾನು ಹೇಳಿದ್ದೆ.

"ಇಲ್ಲ ಅತ್ತೆ" ಅಂದಿದ್ದಳು ಸೊಸೆ. ಅವಳು ಉಡುಪಿ ಕಡೆಯವಳು. "ಅದು ತನ್ನ ಎಂಜಿನ್ ಮೇಲೇ ಒಳಗೆ ಹೋಗ್ಬೇಕು. ಹೆಣ ಹೊತ್ತ ಹಾಗೆ ಇಳಿಸ್ಲಿಕ್ಕೆ ನಾನು ಇಷ್ಟೆಲ್ಲ ಮಾಡಿದ್ದಾ?"

ನಾನು ಒಪ್ಪಿದೆ. ಒಪ್ಪಿದ ಮೇಲೆ ಹೆದರಿಕೆಯ ಮಾತು ಆಡುವುದು ನನ್ನ ಕ್ರಮವಲ್ಲ.

ಅವಳ ಪ್ರದರ್ಶನದ ವಿಷಯವೇ ಆ ಬಸ್ಸು ಕಟ್ಟಿದ ಕಂಪನಿಯ ಚರಿತ್ರೆ. ಕಂಪನಿ ಈಗಿಲ್ಲ. ಉತ್ತರ ಇಟಲಿಯ ಒಂದು ಸಣ್ಣ ಊರಿನಲ್ಲಿ ಕುದುರೆಗಾಡಿ ಮಾಡುತ್ತಿದ್ದ ಅಣ್ಣತಮ್ಮಂದಿರು ಶುರು ಮಾಡಿದ್ದು. ಮೊದಲು ಬೇರೆಯವರ ಲಾರಿ ಚಾಸಿಯ ಮೇಲೆ ಮರದ ಚೌಕಟ್ಟಿನ ಬಾಡಿ ಕಟ್ಟಿದರು. ಯುದ್ಧ ಮುಗಿದ ಮೇಲೆ ಸೈನ್ಯ ಬಿಟ್ಟುಹೋದ ಲಾರಿಗಳನ್ನೇ ಬಸ್ಸು ಮಾಡಿದರು. ಆಮೇಲೆ ಮರ ಹೋಗಿ ಉಕ್ಕಿನ ಕೊಳವೆ ಬಂತು. ಕೊನೆಗೆ ಚಾಸಿಯನ್ನೇ ತೆಗೆದುಹಾಕಿದರು. ಅಂದರೆ ಬಸ್ಸಿನ ಕೆಳಗೆ ನಮ್ಮಲ್ಲಿರುವಂತೆ ಎರಡು ದಪ್ಪ ತೊಲೆಗಳಿಲ್ಲ. ನೆಲ, ಗೋಡೆ, ಚಾವಣಿ ಸೇರಿ ಮೊಟ್ಟೆಯ ಚಿಪ್ಪಿನ ಹಾಗೆ ತಮ್ಮ ಭಾರವನ್ನು ತಾವೇ ಹೊರುತ್ತವೆ. ಪ್ರವಾಸಿಗರಿಗೆ ಬೆಟ್ಟ ಕಾಣಲೆಂದು ಚಾವಣಿಯ ಅಂಚಿಗೆ ಬಾಗಿದ ಗಾಜು ಕೂರಿಸಿದರು. ರಸ್ತೆಯ ಬಲಗಡೆ ಓಡುವ ದೇಶದಲ್ಲಿ ಸ್ಟೀರಿಂಗನ್ನೂ ಬಲಕ್ಕೇ ಇಟ್ಟರು, ಚಾಲಕನಿಗೆ ಕಣಿವೆಯ ಅಂಚು ಕಾಣಲಿ ಎಂದು. ಹೀಗೆ ಚೆನ್ನಾಗಿ ನಡೆಯುತ್ತಿರುವಾಗ, ಎಂಜಿನ್ ಕೊಡುತ್ತಿದ್ದ ದೊಡ್ಡ ಕಂಪನಿ ತಾನೇ ಬಸ್ಸು ಕಟ್ಟತೊಡಗಿತು. ಇವರಿಗೆ ಎಂಜಿನ್ ಸಿಗುವುದು ಕಷ್ಟವಾಯಿತು. ಕಾರ್ಖಾನೆ ಕೈ ಬದಲಾಯಿತು, ಹೊಸ ಮಾಲೀಕರು ಉಕ್ಕಿನಲ್ಲಿ ಉಳಿತಾಯ ಮಾಡಿದರು, ಆಮೇಲೆ ಗೇಟು ಮುಚ್ಚಿತು. ನಮ್ಮ ಬಸ್ಸನ್ನು ಇಲ್ಲಿಯ ಯಾವುದೋ ಬೆಟ್ಟದ ಹೋಟೆಲು ಅತಿಥಿಗಳಿಗಾಗಿ ತರಿಸಿತ್ತಂತೆ.

ಇದನ್ನೆಲ್ಲ ಅವಳು ಬಸ್ಸಿನ ಅಡಿಯಲ್ಲಿ ಮಲಗಿಕೊಂಡೇ ಹೇಳುತ್ತಿದ್ದಳು. ನನಗೆ ಕೆಲಸದ ಹೊತ್ತಿನಲ್ಲಿ ಕಥೆ ಆಗದು.

"ಅತ್ತೆ, ಮೂತಿ ಮೇಲೆ ಲಾಂಛನ ಕೂರಿಸಿದ್ದ ತೂತು ನೋಡಿದ್ರಾ? ಮೂರುಂಟು. ಹಳೆ ಲಾಂಛನಕ್ಕೆ ಎರಡೇ ತೂತು. ಇದು ಹೊಸ ಮಾಲೀಕರ ಕಾಲದ್ದು."

"ಅದರಿಂದ ಬ್ರೇಕ್ ಹಿಡಿಯುತ್ತೇನಮ್ಮ?"

"ಬ್ರೇಕ್ ಹಿಡಿಯುದಿಲ್ಲ. ಆದ್ರೆ ತೂತು ಮೂರಾದ್ರೆ ಸ್ವಲ್ಪ ಹುಷಾರಿರ್ಬೇಕು ಮಾರಾಯ್ರೆ. ಎಳೆಯುವ ಕೊಕ್ಕೆ ಉಂಟಲ್ಲ, ಮೊದಲು ಅದನ್ನು ಆಕ್ಸಲ್ ಬ್ರಾಕೆಟಿಗೆ ಬೋಲ್ಟ್ ಹಾಕ್ತಿದ್ರು. ಆಮೇಲೆ ಮುಂದಿನ ತಗಡಿಗೇ ವೆಲ್ಡ್ ಮಾಡಿ ಬಿಟ್ರು."

"ಸರಿ. ಆ ಸ್ಪ್ಯಾನರ್ ಕೊಡು."

ಶನಿವಾರ ಬೆಳಿಗ್ಗೆ ಚಾಲಕರು ಬಸ್ಸನ್ನು ಟ್ರೈಲರಿನಿಂದ ತಾವೇ ಹಿಂದಕ್ಕೆ ಇಳಿಸಿದರು. ವಯಸ್ಸಿನಲ್ಲಿ ನನ್ನ ಓರಗೆಯವರು, ಕ್ಲಾಂಗ್‌ನ ಟೌನ್ ಬಸ್ಸುಗಳನ್ನು ಬಹಳ ಕಾಲ ಓಡಿಸಿದವರು. ಲಾರಿಯವರು ಕೈಬೀಸುತ್ತ ಏನೋ ಕೂಗುತ್ತಿದ್ದರು. ನಾನು ಆಗ ಬೆಣೆಗಳನ್ನು ನೋಡುತ್ತಿದ್ದೆ, ಕಿವಿಗೊಡಲಿಲ್ಲ. ಸುಸೂತ್ರವಾಗಿ ಇಳಿಯಿತು.

ನಾನು ಕೆಲಸ ಹಂಚಿದೆ. ಲಾರಿಯವರು ಮೇಲೆ ರಸ್ತೆಯಲ್ಲಿ, ತಮ್ಮ ಗಾಡಿಯ ಹತ್ತಿರ. ಚಾಲಕರು ಸೀಟಿನಲ್ಲಿ, ಕಣ್ಣು ಬಲಗನ್ನಡಿಯಲ್ಲಿ. ನಾನು ಬಸ್ಸಿನ ಮುಂದೆ ಎಡಬದಿಯಲ್ಲಿ, ಎಡಗೋಡೆಗೂ ಬಸ್ಸಿಗೂ ನಡುವಿನ ಸಂದು ನೋಡುತ್ತ. ಇಳಿಜಾರಿನ ಎರಡೂ ಬದಿಗೆ ಕಾಂಕ್ರೀಟ್ ಗೋಡೆಯಿದೆ, ಕೆಳಕ್ಕೆ ಹೋದಂತೆ ಅದು ಎರಡಾಳೆತ್ತರವಾಗುತ್ತದೆ. ಹಿಂದಿನ ಎಡಚಕ್ರದ ಬೆನ್ನಿಗೆ ಮರದ ಬೆಣೆ ಹಿಡಿದು ಒಬ್ಬರು ನಡೆಯಬೇಕು. ಇಳಿಜಾರಿನಲ್ಲಿ ಬೆಣೆ ಚಕ್ರವನ್ನು ಬಿಟ್ಟಿರಬಾರದು ಎಂಬುದು ನಮ್ಮ ವರ್ಕ್‌ಶಾಪಿನ ನಿಯಮ. ಬೆಣೆಗೆ ಉದ್ದನೆಯ ಕಬ್ಬಿಣದ ಸಲಾಕೆ ಕಟ್ಟಿಸಿದ್ದೆ.

"ಅದು ನನ್ನ ಕೆಲಸ" ಅಂದಳು ಸೊಸೆ, ಹಳದಿ ಹೆಲ್ಮೆಟ್ ಹಾಕಿಕೊಳ್ಳುತ್ತ.

"ನೀನು ಬೇಡ, ಲಾರಿಯವರು ಹಿಡೀಲಿ."

"ಅವರಿಗೆ ಹಿಂದಿನ ಮೂಲೆ ಎಲ್ಲಿ ತಾಗ್ತದೆ ಅಂತ ಗೊತ್ತುಂಟಾ? ಅಳತೆ ತೆಗೆದದ್ದು ನಾನು. ಹೋಗಿ ಅತ್ತೆ, ಮುಂದೆ ನಿಲ್ಲಿ."

ಚಾಲಕರು ಕಿಟಕಿಯಿಂದ ತಲೆ ಹಾಕಿ, ತಾನಿದ್ದೇನೆ, ಹೆದರಬೇಡಿ ಎಂದು ತಮಿಳಿನಲ್ಲಿ ಅಂದರು. "ಭಯಪ್ಪಡಾದೀಂಗ ಅಮ್ಮಾ. ನಾನ್ ಇರ್ಕೇನ್ ಲಾ."

ಎಂಜಿನ್ ಶುರುವಾಯಿತು. ಗಾಳಿಯ ಮುಳ್ಳು ಹಸಿರು ಗೆರೆ ಮುಟ್ಟುವವರೆಗೆ ಕಾದೆವು. ಬಸ್ಸು ಇಳಿಯತೊಡಗಿತು. ಮೊದಲರ್ಧ ನೇರವಾಗಿ ಹೋಯಿತು. ಎರಡು ಗೋಡೆಗಳ ನಡುವೆ ಎಂಜಿನ್ ಸದ್ದು ಗುಡುಗಿನ ಹಾಗೆ ಮೊಳಗುತ್ತಿತ್ತು. ಕೆಳಗೆ ಹಾಲಿನ ಬಾಗಿಲು ಇಳಿಜಾರಿಗಿಂತ ಕಿರಿದು. ಬಾಗಿಲ ಎಡಕ್ಕೆ, ಪಕ್ಕದ ಗೋಡೆಯೂ ಹಾಲಿನ ಗೋಡೆಯೂ ಸೇರುವಲ್ಲಿ ಒಂದು ಮೂಲೆಯಿದೆ. ಬಸ್ಸಿನ ಹಿಂಭಾಗ ಬಾಗಿಲಿಗೆ ಹೋಗುವ ಬದಲು ಆ ಮೂಲೆಯ ಕಡೆ ವಾಲುತ್ತಿರುವುದು ನನಗೆ ಕಂಡಿತು. ಹಳದಿ ಹೆಲ್ಮೆಟ್ ಒಂದು ಹೆಜ್ಜೆ ಹಿಂದೆ ಸರಿಯಿತು, ಇನ್ನೊಂದು ಹೆಜ್ಜೆ ಸರಿಯಿತು, ಮೂಲೆಯೊಳಗೆ ಮರೆಯಾಯಿತು.

"ಹೋಲ್ಡಾನ್!" ಎಂದು ಕೂಗಿದೆ.

ಚಾಲಕರು ನನ್ನ ಕಡೆ ತಿರುಗಲಿಲ್ಲ. ಹೆಬ್ಬೆರಳು ತೋರಿಸಿದರು. ಬಸ್ಸು ಮೊದಲಿಗಿಂತ ವೇಗವಾಗಿ ಹಿಂದೆ ಹೋಯಿತು.

"ಹೋಲ್ಡಾನ್! ಹೋಲ್ಡಾನ್!"

ಎರಡೂ ಕೈಯಿಂದ ಬಸ್ಸಿನ ತಗಡಿಗೆ ಬಡಿದೆ. ಒಂದು ಬಡಿತ ನಿಲ್ಲು, ಎರಡು ಬಡಿತ ಹೊರಡು ಎಂದು ನಾನೇ ಎಷ್ಟೋ ಜನಕ್ಕೆ ಕಲಿಸಿದ್ದೇನೆ. ಆಗ ಎಷ್ಟು ಬಡಿದೆನೋ ಗೊತ್ತಿಲ್ಲ. ಚಾಲಕರು ಇನ್ನಷ್ಟು ಹುರುಪಿನಿಂದ ಏನೋ ಹೇಳುತ್ತ ಹಿಂದಕ್ಕೇ ಹೋಗುತ್ತಿದ್ದರು. ಅವರ ಬಾಯಿಂದಲೂ ನನ್ನದೇ ಮಾತು ಬಂದ ಹಾಗೆ ಕೇಳಿಸಿತು. ಅದು ಇನ್ನೂ ಭಯಂಕರವಾಗಿತ್ತು: ಕೇಳಿಸಿಕೊಂಡೂ ಮನುಷ್ಯ ನಿಲ್ಲಿಸುತ್ತಿಲ್ಲ.

ಮರ ಕಿರುಗುಟ್ಟಿದ ಸದ್ದಾಯಿತು. ಬಸ್ಸು ಹಿಂದಿನಿಂದ ಒಮ್ಮೆ ಎತ್ತಿಹಾಕಿದಂತಾಗಿ ನಿಂತಿತು. ಎಂಜಿನ್ ಉಸಿರು ಕಟ್ಟಿ ಆರಿತು.

ನಿಶ್ಶಬ್ದದಲ್ಲಿ ಮೊದಲು ಕೇಳಿಸಿದ್ದು ಗಾಳಿ ಸೋರುವ ಸಣ್ಣ ಶಬ್ದ.

"ಅಲ್ಲಿದ್ದೀಯಾ?" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಇದ್ದೇನೆ ಅತ್ತೆ. ಎದೆ ಮುಂದೆ ಒಂದು ಗೇಣು ಜಾಗ ಉಂಟು. ಹೊರಗೆ ಬರ್ಲಿಕ್ಕೆ ಆಗುದಿಲ್ಲ. ಬಸ್ಸು ಬಾಗಿಲ ಪಕ್ಕದ ಕಂಬಕ್ಕೆ ಒತ್ತಿ ನಿಂತಿದೆ."

"ಕೆಳಗಿಂದ ತೂರಿಕೊಂಡು?"

"ಇಲ್ಲ. ಎಂಜಿನ್ ಕವರು ನೆಲ ಮುಟ್ಟುವಷ್ಟಕ್ಕೆ ಉಂಟು. ಬೆಣೆ ಸೀಳಿದೆ ಅತ್ತೆ. ನಡುವಿನಲ್ಲಿ."

ಏಣಿ ಇಳಿಸಲು ಅಲ್ಲಿ ಜಾಗವಿಲ್ಲ. ಬೆಣೆ ಜಾರಿದರೆ ಅವಳಿಗೂ ಬಸ್ಸಿಗೂ ನಡುವೆ ಆ ಒಂದು ಗೇಣು ಮಾತ್ರ.

ಚಾಲಕರ ಮುಖ ಬೂದಿಯಾಗಿತ್ತು. ಅವರ ಕೈ ಕೀಲಿಯ ಮೇಲಿತ್ತು. "ಒಂದೇ ನಿಮಿಷ ಅಮ್ಮಾ, ಸ್ಟಾರ್ಟ್ ಮಾಡಿ ಮುಂದೆ ಎಳೆದ್ಬಿಡ್ತೇನೆ" ಎಂದು ತಮಿಳಿನಲ್ಲಿ ಅಂದರು.

"ಬೇಡ. ಕೈ ತೆಗೀರಿ. ಕಾಲು ಬ್ರೇಕ್ ಮೇಲೆ ಇರಲಿ, ಗೇರು ಹಾಗೇ ಇರಲಿ. ಕ್ಲಚ್ ಮುಟ್ಟಬೇಡಿ."

ಹೇಳುವಾಗಲೇ ಲೆಕ್ಕ ಮನಸ್ಸಿನಲ್ಲಿ ಓಡುತ್ತಿತ್ತು. ಸ್ಟಾರ್ಟ್ ಮಾಡಲು ಕ್ಲಚ್ ಒತ್ತಬೇಕು. ಒತ್ತಿದರೆ ಗೇರಿನಲ್ಲಿ ನಿಂತ ಎಂಜಿನ್ನಿನ ಹಿಡಿತ ಹೋಗುತ್ತದೆ. ಉಳಿಯುವುದು ಸೋರುತ್ತಿರುವ ಬ್ರೇಕು, ಎಣ್ಣೆ ಕುಡಿದ ಕೈಬ್ರೇಕು, ಸೀಳಿದ ಬೆಣೆ. ಒಂದು ಸಲಕ್ಕೆ ಎಂಜಿನ್ ಹತ್ತದಿದ್ದರೆ ಎರಡನೆಯ ಸಲ ಇಲ್ಲ. ಹಾಗೆಂದು ಕಾಯುವಂತೆಯೂ ಇರಲಿಲ್ಲ. ಹಳೆಯ ಎಂಜಿನ್ನಿನ ಪಿಸ್ಟನ್ನುಗಳಲ್ಲಿ ಒತ್ತಡ ಸೋರಿದಾಗಲೆಲ್ಲ ಬಸ್ಸು 'ಫುಸ್' ಎಂದು ಕೂದಲೆಳೆಯಷ್ಟು ಹಿಂದೆ ಕೂರುತ್ತಿತ್ತು, ಬೆಣೆ ಚಿಟ್ ಎನ್ನುತ್ತಿತ್ತು.

ವಿಂಚ್ ಒಂದೇ ದಾರಿ. ಲಾರಿಯವರು ನಾನು ಹೇಳುವ ಮೊದಲೇ ಗಾಡಿ ತಿರುಗಿಸಿ ಉಕ್ಕಿನ ಹಗ್ಗ ಎಳೆದುಕೊಂಡು ಓಡಿ ಬಂದರು. ಬಂಪರಿನ ಕೆಳಗಿನ ಕೊಕ್ಕೆಗೆ ಅದನ್ನು ಸಿಕ್ಕಿಸಿ, "ಬೊಲೆ, ಬೊಲೆ" ಎಂದು, ಆಗುತ್ತದೆ ಎಂಬಂತೆ ಕೈಯೆತ್ತಿ, ವಿಂಚ್ ಕಡೆ ಹೊರಟರು.

ಅವರ ಕೈಯ ಮೇಲ್ಗಡೆ ಬಸ್ಸಿನ ಮೂತಿ. ಬಣ್ಣ ಎದ್ದುಹೋದ ಜಾಗದಲ್ಲಿ ಮೂರು ತೂತು.

ನಾನು ಅವರ ತೋಳು ಹಿಡಿದು ನಿಲ್ಲಿಸಿದೆ. ಈ ಸಲ ಬಾಯಿ ತೆರೆಯಲಿಲ್ಲ. ಕೊಕ್ಕೆಯಿಂದ ಹಗ್ಗ ಬಿಡಿಸಿದೆ. ತಗಡಿಗೆ ವೆಲ್ಡ್ ಮಾಡಿದ ಕೊಕ್ಕೆ ಇದು. ಭಾರ ಬಿದ್ದ ಕ್ಷಣ ಕಿತ್ತು ಬಂದರೆ ಆ ಜಗ್ಗಿಗೇ ಬೆಣೆಯೂ ಹೋಗುತ್ತದೆ. ಲಾರಿಯಲ್ಲಿದ್ದ ಸರಪಳಿಯನ್ನು ಮುಂದಿನ ಆಕ್ಸಲ್ಲಿಗೇ ಸುತ್ತಿ, ಹಗ್ಗವನ್ನು ಅದಕ್ಕೆ ಸಿಕ್ಕಿಸಬೇಕು. ಅದಕ್ಕೆ ಯಾರಾದರೂ ಬಸ್ಸಿನ ಅಡಿಗೆ ಹೋಗಬೇಕು. ಚಾಲಕರು ಬ್ರೇಕಿನಿಂದ ಕಾಲು ತೆಗೆಯುವಂತಿಲ್ಲ. ಲಾರಿಯವರ ಹೊಟ್ಟೆ ಬಂಪರಿನ ಕೆಳಗೆ ಹಿಡಿಯುವುದಿಲ್ಲ, ವಿಂಚ್ ನಡೆಸಲು ಬರುವುದೂ ಅವರೊಬ್ಬರಿಗೇ.

ಸೆರಗು ಸೊಂಟಕ್ಕೆ ಬಿಗಿದು, ಸರಪಳಿ ಹಿಡಿದು ಅಂಗಾತ ಮಲಗಿ ಒಳಗೆ ಸರಿದೆ. ಬೇರೆ ಬಸ್ಸಿನ ಅಡಿಯಲ್ಲಾದರೆ ಕಣ್ಣಿಗೆ ಎರಡು ತೊಲೆ ಕಾಣುತ್ತದೆ, ಏನೋ ಧೈರ್ಯ. ಇಲ್ಲಿ ಮೇಲೆ ಬರೀ ತೆಳು ಕೊಳವೆಗಳ ಜಾಲರಿ, ತುಕ್ಕಿನ ಹಕ್ಕಳೆ ಕಣ್ಣಿಗೆ ಉದುರುತ್ತಿತ್ತು. 'ಫುಸ್' ಎಂದು ಬಸ್ಸು ಮತ್ತೊಮ್ಮೆ ಕೂತಿತು. ಟೈರು ನನ್ನ ಮೊಣಕೈ ಪಕ್ಕದಲ್ಲಿ ಹೊರಳಿದ್ದನ್ನು ನೋಡಿದೆ. ಸರಪಳಿಯ ಕೊಂಡಿ ಕೈಯಿಂದ ಜಾರಿತು. ತಡಕಾಡಿ ಮತ್ತೆ ಹಿಡಿದೆ.

"ಅತ್ತೆ," ದೂರದಿಂದ ಅವಳ ದನಿ ನೆಲದ ಮೇಲಿಂದ ಹರಿದು ಬಂತು. ಚಕ್ರದ ಪಕ್ಕದ ಸಂದಿನಿಂದ ಬಗ್ಗಿ ನೋಡುತ್ತಿದ್ದಾಳೆ. "ನಿಮ್ಮ ಸೀರೆ ಕಾಣ್ತದೆ. ಎಂತಕ್ಕೆ ಒಳಗೆ ಬಂದ್ರಿ?"

"ಆಕ್ಸಲ್ಲಿಗೆ ಕಟ್ತಾ ಇದೀನಿ. ತೂತು ಮೂರಿದೆ."

"ಕೇಳಿಸ್ಕೊಂಡಿದ್ರಾ?" ಅಂದಳು. "ಸ್ಪ್ರಿಂಗ್ ಪಟ್ಟಿಯ ಒಳಬದಿಗೆ ಸುತ್ತಿ ಅತ್ತೆ. ಹೊರಬದಿಯಲ್ಲಿ ಗಾಳಿ ಪೈಪು ಉಂಟು."

ಗಾಳಿ ಪೈಪಿನ ಮೇಲೇ ಸುತ್ತಿದ್ದೆ. ಬಿಚ್ಚಿ ಒಳಬದಿಗೆ ಸುತ್ತಿದೆ. ಕೊಂಡಿ ಕೂತಿತು. ಎಳೆದು ನೋಡಿದೆ, ಮತ್ತೊಮ್ಮೆ ಎಳೆದು ನೋಡಿದೆ. ಹೊರಗೆ ಬಂದಾಗ ಗಾಳಿಯ ಮುಳ್ಳು ಕೆಂಪಿಗೆ ಇಳಿದಿದೆ ಎಂದು ಚಾಲಕರು ಬೆರಳು ಕೆಳಗೆ ಮಾಡಿ ತೋರಿಸಿದರು. ಲಾರಿಯವರ ಕಡೆ ಒಂದೇ ಕೈ ಎತ್ತಿದೆ. ವಿಂಚ್ ನಿಧಾನ ಸುತ್ತಿತು, ಹಗ್ಗ ನೆಲ ಬಿಟ್ಟು ತಂತಿಯ ಹಾಗೆ ಬಿಗಿಯಿತು. ಬಸ್ಸು ನರಳಿತು. ನಂತರ ಒಂದು ಗೇಣು ಮೇಲಕ್ಕೆ ಬಂತು, ಮತ್ತೊಂದು ಗೇಣು, ಒಂದು ಮೊಳ. ಮುಷ್ಟಿ ಬಿಗಿದೆ. ವಿಂಚ್ ನಿಂತಿತು.

ಕಂಬದ ಪಕ್ಕದಿಂದ ಹಳದಿ ಹೆಲ್ಮೆಟ್ ಹೊರಬಂತು. ಅವಳು ಬಾಗಿಲ ಮೂಲಕ ಹಾಲಿನೊಳಗೆ ನಾಲ್ಕು ಹೆಜ್ಜೆ ನಡೆದು ನೆಲದ ಮೇಲೆ ಕೂತುಬಿಟ್ಟಳು. ನಾನು ಹತ್ತಿರ ಹೋಗಿ ಅವಳ ಕೈ, ಭುಜ, ಪಕ್ಕೆ ಒಂದೊಂದಾಗಿ ಒತ್ತಿ ನೋಡಿದೆ, ಬಸ್ಸು ತಪಾಸಣೆ ಮಾಡುವ ಕ್ರಮದಲ್ಲೇ. ಬೇರೆ ರೀತಿ ನನಗೆ ತಿಳಿಯಲಿಲ್ಲ.

ಚಾಲಕರು ಇಳಿದು ಬಂದು ನನ್ನ ಮುಂದೆ ಕೈಮುಗಿದು, ನೀವೇ ಹೇಳಿದ್ದಲ್ಲವೇ ಎಂದರು. "ಅಮ್ಮಾ, ನೀಂಗ ತಾನೇ ಗೋಸ್ಟಾನ್ ಸೊನ್ನೀಂಗ! ಗೋಸ್ಟಾನ್, ಗೋಸ್ಟಾನ್‌ನು ತಟ್ಟಿ ತಟ್ಟಿ ಸೊನ್ನೀಂಗಳೇ!"

"ನಾನು ಹೋಲ್ಡಾನ್ ಅಂದೆ!"

"ಅದೇ ಲಾ! ಗೋಸ್ಟಾನ್!"

ಸೊಸೆ ನೆಲದ ಮೇಲೆ ಕೂತೇ ತಲೆ ಎತ್ತಿದಳು. ಇಬ್ಬರನ್ನೂ ನೋಡಿದಳು. "ಅಯ್ಯೋ ದೇವರೇ" ಅಂದಳು. "ಅತ್ತೆ, ಇಲ್ಲಿ ಗೋಸ್ಟಾನ್ ಅಂದ್ರೆ ರಿವರ್ಸ್. ಹಡಗಿನವರ ಇಂಗ್ಲಿಷು, ಗೋ ಆಸ್ಟರ್ನ್ ಅಂತ. ಈ ಊರಲ್ಲಿ ಮಕ್ಕಳಿಗೂ ಗೊತ್ತುಂಟು."

ನಮ್ಮೂರಿನಲ್ಲಿ ಕಂಡಕ್ಟರ್ 'ರೈಟ್' ಅಂದರೆ ಬಸ್ಸು ಹೊರಡುತ್ತದೆ, 'ಹೋಲ್ಡಾನ್' ಅಂದರೆ ನಿಲ್ಲುತ್ತದೆ. ಅದು ಇಂಗ್ಲಿಷಿನ 'ಹೋಲ್ಡ್ ಆನ್' ಎಂಬುದೂ ಮರೆತು, ಬಸ್ಸು ಇರುವಲ್ಲೆಲ್ಲ ನಡೆಯುವ ಮಾತು ಎಂದುಕೊಂಡಿದ್ದೆ. ಗಾಳಿ ನೋಡಿದ್ದೆ, ಬೆಣೆ ನೋಡಿದ್ದೆ, ಅಳತೆ ನೋಡಿದ್ದೆ. ನಿಲ್ಲು ಎನ್ನುವುದಕ್ಕೆ ಯಾವ ಮಾತು ಎಂದು ಕೇಳಿರಲಿಲ್ಲ. ಒಂದೇ ಇಂಗ್ಲಿಷಿನ ಎರಡು ಮಕ್ಕಳು, ಒಂದು ನಿಲ್ಲಿಸುತ್ತದೆ, ಇನ್ನೊಂದು ಹಿಂದೆ ಬಾ ಎನ್ನುತ್ತದೆ. ಚಾಲಕರ ತಪ್ಪು ಏನೂ ಇರಲಿಲ್ಲ, ಅದನ್ನು ಅವರಿಗೆ ಹೇಳಿದೆ. ಅವರು ತಲೆಯಾಡಿಸಿದರು, ಆದರೆ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಲಿಲ್ಲ.

ಕೆಲಸ ಅರ್ಧಕ್ಕೆ ನಿಂತಿತ್ತು. ಬಸ್ಸನ್ನು ಇಳಿಜಾರಿನಲ್ಲಿ ಒಂದು ಹಗ್ಗದ ಮೇಲೆ ಬಿಟ್ಟು ಮನೆಗೆ ಹೋಗುವಂತಿಲ್ಲ. ಹೊಸ ಬೆಣೆ ತಂದೆವು, ಎರಡೂ ಬದಿಗೆ. ವಿಂಚಿನಲ್ಲೇ ಇಳಿಸುವುದು, ಎಂಜಿನ್ ಬೇಡ ಎಂದೆ. ಸೊಸೆ ಈ ಸಲ ವಾದಿಸಲಿಲ್ಲ.

"ಮಾತು ಯಾವುದು ಅತ್ತೆ?" ಎಂದು ಮಾತ್ರ ಕೇಳಿದಳು.

"ಮಾತೇ ಬೇಡ."

ಚಾಲಕರು ಬಸ್ಸಿನೊಳಗೆ ಕೈ ತೋರಿಸಿದರು. ಕಿಟಕಿಗಳ ಮೇಲೆ ಉದ್ದಕ್ಕೂ ಒಂದು ಚರ್ಮದ ಹಗ್ಗ, ಅದರ ತುದಿಗೆ ಡ್ರೈವರ್ ಸೀಟಿನ ಮೇಲೆ ಹಿತ್ತಾಳೆ ಗಂಟೆ. "ಒರು ಟಿಂಗ್, ನಿಲ್ಲು. ರೆಂಡು ಟಿಂಗ್, ಪೋ" ಅಂದರು. ನಾನು ಅವರ ಮುಖ ನೋಡಿದೆ. ನಮ್ಮಲ್ಲಿಯೂ ಅದೇ. ಲಾರಿಯವರನ್ನು ಕರೆಸಿ ಕೇಳಿದೆವು. ಅವರೂ ಒಂದು ಬೆರಳೆತ್ತಿ ಅಂಗೈ ಅಡ್ಡ ಹಿಡಿದರು, ಎರಡು ಬೆರಳೆತ್ತಿ ಕೈಬೀಸಿದರು. ಮೂವರಿಂದಲೂ ಮೂರು ಸಲ ಹೇಳಿಸಿದೆ. ಆಮೇಲೆ ಗಂಟೆ ಬಾರಿಸಿ, ಪ್ರತಿಯೊಬ್ಬರೂ ಏನು ಮಾಡುತ್ತಾರೆ ಎಂದು ನೋಡಿದೆ.

ಎರಡು ಟಿಂಗ್. ವಿಂಚಿನ ಹಗ್ಗ ಸಡಿಲವಾಯಿತು, ಬಸ್ಸು ಒಂದು ಮೊಳ ಇಳಿಯಿತು. ಒಂದು ಟಿಂಗ್. ನಿಂತಿತು. ಚಾಲಕರು ಸ್ಟೀರಿಂಗನ್ನು ಬಲಕ್ಕೆ ಒಂದಿಷ್ಟು ತಿರುಗಿಸಿದರು. ಸೊಸೆ ಗಂಟೆಯ ಹಗ್ಗ ಹಿಡಿದು, ಬಸ್ಸಿನೊಳಗೆ, ಹಿಂದಿನ ಗಾಜಿನಿಂದ ಕಂಬ ನೋಡುತ್ತ. ಹಿಂದೆ ಯಾರೂ ಇರಕೂಡದು ಎಂದು ಹಾಲಿನೊಳಗೆ ದೂರದಲ್ಲಿ ಅಡ್ಡ ಹಗ್ಗ ಕಟ್ಟಿಸಿದ್ದೆ. ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. ಪ್ರತಿ ಸಲ ಬಸ್ಸು ಅಲುಗಿದಾಗ ನನ್ನ ಕಣ್ಣು ಸರಪಳಿಯ ಮೇಲೆ, ಒಂದು ಟಿಂಗ್ ಕೇಳಿದ ಮೇಲಷ್ಟೇ ಗೋಡೆಯ ಕಡೆ. ಹೀಗೆ ಮೊಳ ಮೊಳವಾಗಿ ಅದು ಕಂಬ ದಾಟಿತು, ಬಾಗಿಲು ದಾಟಿತು, ಹಾಲಿನ ಸಮತಟ್ಟು ನೆಲಕ್ಕೆ ಬಂತು.

ಚಕ್ರಗಳಿಗೆ ಎರಡೂ ಕಡೆ ಬೆಣೆ ಬಡಿದೆವು. ಟ್ಯಾಂಕಿನಲ್ಲಿ ಉಳಿದ ಗಾಳಿ ಬಿಟ್ಟೆವು. ಬ್ಯಾಟರಿಯ ತಂತಿ ಬಿಚ್ಚಿದೆವು. ಆಕ್ಸಲ್ಲಿನಿಂದ ಸರಪಳಿ ಕಳಚಿದೆ. ಹೊರಬರುವಾಗ ಬಂಪರಿನ ಕೆಳಗಿನ ಕೊಕ್ಕೆಯನ್ನು ಸಲಾಕೆಯಿಂದ ಒಮ್ಮೆ ಮೀಟಿ ನೋಡಿದೆ. ತಗಡಿನ ಸಮೇತ ಅದು ಕೈಗೆ ಬಂತು. ಸೊಸೆಗೆ ಕೊಟ್ಟೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಪ್ರದರ್ಶನದ ಮೇಜಿನ ಮೇಲೆ, ಕಾರ್ಖಾನೆಯ ಮುಚ್ಚಿದ ಗೇಟಿನ ಚಿತ್ರದ ಪಕ್ಕದಲ್ಲಿ ಇಟ್ಟಳು.

ಕೊನೆಗೆ ನಾನು ಬಸ್ಸು ಹತ್ತಿ, ಗಂಟೆಯ ಹಗ್ಗ ಹಿಡಿದು ಒಂದು ಸಲ ಎಳೆದೆ.

"ಇನ್ನೆಂತಕ್ಕೆ ಅತ್ತೆ?" ಕೆಳಗಿನಿಂದ ಕೇಳಿದಳು. "ನಿಂತಾಯ್ತಲ್ಲ."

"ನಿಂತಿದೆ ಅಂತ ಅದಕ್ಕೂ ತಿಳೀಲಿ" ಎಂದೆ. ಹಗ್ಗ ಬಿಟ್ಟು ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು.